ರಥದ ಪಕ್ಕದಲ್ಲಿ ಓಡಿದವನು

ಯೇಸುವಿನಲ್ಲಿಟ್ಟ ನಂಬಿಕೆಗೆ ಇತರರ ಮುಂದೆ ಸಾಕ್ಷಿ ಹೇಳುವುದೆಂದರೆ ಮಾತಾಡುವುದು ಎಂದೇ ಬಹಳ ವರ್ಷ ನಾನು ತಿಳಿದಿದ್ದೆ. ಎದುರಿಗಿರುವವರು ಮಾತಾಡುತ್ತಿದ್ದಾಗಲೂ ನನ್ನ ಮನಸ್ಸು ಮುಂದೆ ಹೇಳಬೇಕಾದ ಬೈಬಲಿನ ವಚನವನ್ನು ಹುಡುಕುತ್ತಿರುತ್ತಿತ್ತು. ತಂದೆಯನ್ನು ಕಳೆದುಕೊಂಡ ಸ್ನೇಹಿತನೊಬ್ಬ, ಕಡೆಯ ದಿನಗಳಲ್ಲಿ ಅವರೊಂದಿಗೆ ತಾನು ಆಡಿದ ಜಗಳವನ್ನು ಹೇಳಲು ಆರಂಭಿಸಿದಾಗ, ನಾನು ನಡುವೆಯೇ ಬಾಯಿ ಹಾಕಿ ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಜೀವಂತರಾಗಿ ಏಳುವರೆಂಬ ನಿರೀಕ್ಷೆಯನ್ನು ವಿವರಿಸತೊಡಗಿದೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೆ ಅವನನ್ನು ಕಾಡುತ್ತಿದ್ದುದು ಮರಣವಲ್ಲ, ಆ ಜಗಳ. ಅದರ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 8ನೆಯ ಅಧ್ಯಾಯದಲ್ಲಿ ಬರುವ, ಆದಿಸಭೆಯ ಸುವಾರ್ತಿಕನಾದ ಫಿಲಿಪ್ಪನನ್ನು ನಾನು ಗಮನವಿಟ್ಟು ಓದಿದ್ದು ಆಮೇಲೆ. ಯೆರೂಸಲೇಮಿನಿಂದ ಗಾಜಾಕ್ಕೆ ಹೋಗುವ ದಾರಿಯಲ್ಲಿ ಅವನು ಐಥಿಯೋಪ್ಯದ ಅಧಿಕಾರಿಯ ರಥದ ಬಳಿಗೆ ಓಡುತ್ತಾನೆ. ಓಡಿದವನು ಮೊದಲು ಮಾಡಿದ ಕೆಲಸ, ಆ ಮನುಷ್ಯನು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿರುವುದನ್ನು ಕೇಳಿಸಿಕೊಂಡದ್ದು. ಬಳಿಕ ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಒಂದೇ ಪ್ರಶ್ನೆ ಕೇಳುತ್ತಾನೆ, ಕರೆದ ಮೇಲೆಯೇ ರಥವನ್ನು ಹತ್ತುತ್ತಾನೆ. ಪ್ರವಾದಿಯು ಇದನ್ನು ಹೇಳಿರುವುದು ತನ್ನ ವಿಷಯವಾಗಿಯೋ ಬೇರೊಬ್ಬನ ವಿಷಯವಾಗಿಯೋ ಎಂದು ಅಧಿಕಾರಿಯೇ ವಿಚಾರಿಸಿದ ನಂತರ, ಅದೇ ವಾಕ್ಯದಿಂದ ಹೊರಟು ಯೇಸುವಿನ ಸುವಾರ್ತೆಯನ್ನು ತಿಳಿಸುತ್ತಾನೆ. ಶಿಲುಬೆಯಲ್ಲಿ ಸತ್ತು ಎದ್ದ ಯೇಸು, ಎಮ್ಮಾಹು ಎಂಬ ಹಳ್ಳಿಯ ದಾರಿಯಲ್ಲಿ, ತನ್ನ ಗುರುತು ಹಿಡಿಯದ ಇಬ್ಬರು ಶಿಷ್ಯರೊಂದಿಗೆ ನಡೆದುಕೊಂಡ ರೀತಿ ಇನ್ನೂ ವಿಚಿತ್ರವಾದದ್ದು: ನಡೆದುದೆಲ್ಲ ತನಗೇ ಸಂಭವಿಸಿದ್ದರೂ, ಏನಾಯಿತೆಂದು ಕೇಳಿ, ಕ್ಲೆಯೊಫನೂ ಅವನ ಜೊತೆಗಾರನೂ ತಮ್ಮ ನಿರಾಶೆಯನ್ನು ಪೂರ್ತಿಯಾಗಿ ಹೇಳಿಕೊಳ್ಳಲು ಬಿಡುತ್ತಾನೆ.

ಇನ್ನೊಬ್ಬರ ಮಾತಿಗೆ ಕಿವಿಗೊಡುವುದನ್ನು ಒಂದು ಉಪಾಯವಾಗಿ, ಆಮೇಲೆ ಮಾತಾಡಲು ಸಿಗುವ ಅವಕಾಶಕ್ಕೆ ಕಟ್ಟುವ ಬೆಲೆಯಾಗಿ ಬಳಸುವುದು ನನಗೆ ಮೋಸವೆಂದೇ ತೋರುತ್ತದೆ. ಎದುರಿನವರಿಗೂ ಅದು ಬೇಗನೆ ತಿಳಿದುಬಿಡುತ್ತದೆ. ಮೌನವಷ್ಟೇ ಸಾಕೆಂದೂ ನಾನು ಹೇಳಲಾರೆ, ಏಕೆಂದರೆ ಫಿಲಿಪ್ಪನು ಕೊನೆಗೆ ಬಾಯಿ ತೆರೆದನು. (ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನ ಸ್ನೇಹಿತರು ಅವನ ಬಳಿ ಏಳು ದಿನ ಸುಮ್ಮನೆ ಕುಳಿತರು; ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ, ಅದೂ ಯೋಬನು ಕೇಳದೇ ಇದ್ದುದಕ್ಕೆ ಉತ್ತರ ಕೊಡಹೊರಟು.) ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಎಂದು ಯೇಸುವಿನ ಶಿಷ್ಯ ಪೇತ್ರನು ಪತ್ರದಲ್ಲಿ ಬರೆದ ಮಾತಿನಲ್ಲಿ, ಕೇಳುವವನೊಬ್ಬನು ಇದ್ದಾನೆಂಬುದನ್ನು ನಾನು ಎಷ್ಟೋ ಸಲ ದಾಟಿಕೊಂಡು ಓದಿದ್ದೆ.

ಕೆಲವು ವರ್ಷಗಳ ನಂತರ ನಾನು ಅದೇ ಸ್ನೇಹಿತನಲ್ಲಿ ಕ್ಷಮೆ ಬೇಡಿ, ಅಂದು ಅರ್ಧಕ್ಕೆ ನಿಂತ ಮಾತನ್ನು ಮುಂದುವರಿಸುವೆಯಾ ಎಂದು ಕೇಳಿದೆ. ಅವನು ಬಹಳ ಹೊತ್ತು ಹೇಳಿದ. ಕಡೆಯಲ್ಲಿ, ಸತ್ತವರಿಂದ ಕ್ಷಮೆ ಪಡೆಯಲು ಏನಾದರೂ ದಾರಿಯಿದೆಯೇ ಎಂದು ಕೇಳಿದ. ನಾವು ಅಲ್ಲಿಂದಲೇ ಆರಂಭಿಸಿದೆವು.