ನೀವೇ ಯಾಕೆ ಒಂದು ಪುಸ್ತಕ ಬರೀಬಾರ್ದು?

ಬರೆಯಲ್ಲ. ಉತ್ತರ ಮುಗಿಯಿತು. ಇಷ್ಟಕ್ಕೇ ಸುಮ್ಮನಾಗದವರಿಗೆ ಮುಂದಿನದು.

ನಾನು ಕರಡು ತಿದ್ದುವವಳು. ಮೊದಲು ಒಂದು ಕಚೇರಿಯಲ್ಲಿ ಸಂಬಳಕ್ಕೆ ತಿದ್ದುತ್ತಿದ್ದೆ. 2014ರಿಂದ ಮನೆಯ ಊಟದ ಮೇಜಿನ ಮೇಲೆ, ಪುಟಕ್ಕೆ ಇಷ್ಟು ಅಂತ. ‘ಲೈಬ್ರರಿಯವರ ಸಗಟು ಖರೀದಿ ಆಗಲಿ ಮೇಡಂ, ಮೊದಲು ನಿಮ್ಮದೇ ಕ್ಲಿಯರ್ ಮಾಡ್ತೀನಿ’ ಎನ್ನುವ ಪ್ರಕಾಶಕರ ಜೊತೆ ಹೇಗೋ ಏಗಿಕೊಂಡು ಬಂದಿದ್ದೇನೆ. ಹೇಗೆ ಏಗುತ್ತೀಯ ಅಂತ ಯಾರೂ ಕೇಳುವುದಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: ‘ಎಷ್ಟು ದಿನ ಅಂತ ಬೇರೆಯವರದ್ದನ್ನೇ ತಿದ್ದುತ್ತೀರಿ, ನೀವೇ ಯಾಕೆ ಒಂದು ಪುಸ್ತಕ ಬರೀಬಾರ್ದು?’

ಮೈ ಉರಿಯುವುದು ಆ ‘ಬೇರೆಯವರದ್ದನ್ನೇ’ಗೆ. ಟೈಲರ್ ಹತ್ತಿರ ಹೋಗಿ ‘ಎಷ್ಟು ದಿನ ಅಂತ ಬೇರೆಯವರ ಬಟ್ಟೆ ಹೊಲೀತೀಯಪ್ಪ’ ಅಂತ ಯಾರಾದರೂ ಕೇಳಿದ್ದುಂಟಾ?

ಹೋದ ವರ್ಷ ಅರಸೀಕೆರೆಯಲ್ಲಿ ಚಿಕ್ಕಮ್ಮನ ಮಗನ ಮದುವೆ. ಲಗ್ನಪತ್ರಿಕೆಯಲ್ಲೇ ‘ಆರ್ಶೀವಾದವೇ ಉಡುಗೊರೆ’ ಅಂತ ಅಚ್ಚಾಗಿತ್ತು. ‘ವಾ’ ಪಕ್ಕ ಇರಬೇಕಾದ ಅರ್ಕಾವತ್ತು ‘ಶೀ’ ಪಕ್ಕ ಕೂತಿತ್ತು. ಶುಭಕಾರ್ಯ, ನಾನು ತುಟಿ ಪಿಟಕ್ಕೆನ್ನಲಿಲ್ಲ. ಊಟಕ್ಕೆ ಕೂತಾಗ ಪಕ್ಕದ ಎಲೆ ನಮ್ಮ ಭಾವನದು.

‘ಏನಮ್ಮಾ, ಇನ್ನೂ ಅದೇ ಕಾಗುಣಿತ ತಿದ್ದೋ ಕೆಲಸಾನಾ? ನಮ್ಮ ಆಫೀಸಲ್ಲಿ ಒಬ್ಬ ಎರಡು ಕಾದಂಬರಿ ಬರೆದುಬಿಟ್ಟ.’

‘ಗೊತ್ತು ಭಾವ. ಎರಡನ್ನೂ ತಿದ್ದಿದ್ದು ನಾನೇ.’

‘ಹಂಗಿದ್ಮೇಲೆ ಅವನಿಗಿಂತ ನಿನಗೆ ಚೆನ್ನಾಗಿ ಬರುತ್ತೆ ಅಂತಾಯ್ತಲ್ಲ!’

‘ತಿದ್ದೋದು ಬರುತ್ತೆ.’

‘ಹೋಳಿಗೆ ಹಾಕಿಸ್ಕೋ. ಅಲ್ಲಾ, ಜೀವನದಲ್ಲಿ ಒಂದು ಸಾಧನೆ ಅಂತ ಬೇಡ್ವಾ?’

ಮಜ್ಜಿಗೆ ಬರುವ ಮೊದಲೇ ಎದ್ದೆ. ಪಂಕ್ತಿಯಲ್ಲಿ ಹಾಗೆ ನಡುವೆ ಏಳಬಾರದು, ಗೊತ್ತು.

ಬರೆದು ನೋಡಿಲ್ಲ ಅಂತಲ್ಲ. 2018ರ ಬೇಸಿಗೆಯಲ್ಲಿ ಎರಡು ತಿಂಗಳು ಯಾವ ಕೆಲಸವನ್ನೂ ಒಪ್ಪಿಕೊಳ್ಳದೆ ಕೂತೆ. ಹನ್ನೊಂದು ಪುಟ ಆಯಿತು. ಹುಡುಕಿದರೂ ಒಂದು ತಪ್ಪು ಸಿಗುವಂತಿರಲಿಲ್ಲ. ತಪ್ಪಷ್ಟೇ ಅಲ್ಲ, ಬೇರೇನೂ ಸಿಗುವಂತಿರಲಿಲ್ಲ. ಇಪ್ಪತ್ತು ವರ್ಷದಿಂದ ಹಸ್ತಪ್ರತಿ ಓದಿದವಳಿಗೆ ಜೀವ ಇರುವ ಪುಟ ಯಾವುದು, ಇಲ್ಲದ್ದು ಯಾವುದು ಅಂತ ಮೂರನೇ ಸಾಲಿಗೇ ತಿಳಿಯುತ್ತದೆ. ಬರೆದವಳು ನಾನೇ ಅಂತ ರಿಯಾಯಿತಿ ಕೊಡಲಾಗುತ್ತದೆಯೇ? ಒಂದು ವಾರ ಅತ್ತೆ. ಆಮೇಲೆ ಒಂದು ಪಿಎಚ್‌.ಡಿ. ಪ್ರಬಂಧ ಬಂತು. ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ದಿಕ್ಕಾಪಾಲಾಗಿದ್ದವು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಫೈಲ್ ತೆರೆದಾಗ ಹಸಿದವಳಿಗೆ ಊಟ ಬಡಿಸಿದ ಹಾಗಾಯಿತು.

ಕೇಳಲೇಬೇಕು ಅಂತಿದ್ದರೆ ‘ನಿಮ್ಮ ಕಣ್ಣಿಗೆ ಬೀಳದೆ ಹೋದ ತಪ್ಪು ಯಾವುದು’ ಅಂತ ಕೇಳಿ. ಅರ್ಧ ದಿನ ಮಾತಾಡುತ್ತೇನೆ.

ಈಗ ನೋಡಿ, ‘ಬಂದ’ ಮತ್ತು ‘ಬ೦ದ’. ನಿಮಗೆ ಎರಡೂ ಒಂದೇ ಕಾಣುತ್ತಿರಬಹುದು. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಇರುವುದು ಸೊನ್ನೆ ಅಂಕಿ. ಅರ್ಕಾವತ್ತಿನ ಬದಲು ಒಂಬತ್ತು, ಅಂದರೆ ೯, ಒತ್ತುವವರೂ ಇದ್ದಾರೆ. ಅಚ್ಚಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದರೆ ಕಂಪ್ಯೂಟರಿಗೆ ‘ಬಂದ’ ಹುಡುಕು ಅಂದರೆ ಕಣ್ಣೆದುರೇ ಇದ್ದವನನ್ನು ಬಂದಿಲ್ಲ ಅನ್ನುತ್ತದೆ. ಅದಕ್ಕೇ ಯಾವ ಫೈಲ್ ಬರಲಿ, ಓದುವ ಮೊದಲು ೦ ಮತ್ತು ೯ ಎಲ್ಲೆಲ್ಲಿವೆ ಅಂತ ಹುಡುಕಿಸುತ್ತೇನೆ. ಇದು ನನ್ನ ಕಣ್ಣನ್ನು ನಂಬದೆ ಕಲಿತದ್ದು.

ಹುಡುಕಿಸಿದರೂ ಸಿಗದವು ಇರುತ್ತವೆ. ಒಂದು ಕವನ ಸಂಕಲನ. ‘ಜಾತ್ಯಾತೀತ’ದ ದೀರ್ಘ ಕಿತ್ತು ‘ಜಾತ್ಯತೀತ’ ಮಾಡಿದೆ. ‘ಉಪಹಾರ’ಕ್ಕೆ ದೀರ್ಘ ಕೊಟ್ಟು ‘ಉಪಾಹಾರ’ ಮಾಡಿದೆ. ಅಲ್ಲಿ ಕವಿ ತಿನ್ನುತ್ತಿದ್ದದ್ದು ಇಡ್ಲಿ, ಕಾಣಿಕೆಯಲ್ಲ. ಬೀಗುತ್ತಾ ಫೈಲ್ ಕಳಿಸಿದೆ. ಪುಸ್ತಕ ಅಚ್ಚಾಗಿ ಬಂತು. ಅರ್ಪಣೆಯ ಪುಟದಲ್ಲಿ ಇದ್ದದ್ದು ಎರಡೇ ಪದ, ಹೆಬ್ಬೆರಳ ಗಾತ್ರದ ಅಕ್ಷರದಲ್ಲಿ: ‘ಅಮ್ಮನ ನೆನೆಪಿಗೆ’. ಮೂರು ಕರಡಿನಲ್ಲೂ ಆ ಪುಟ ದಾಟಿ ಹೋಗಿದ್ದೆ. ಸಣ್ಣ ಅಕ್ಷರವನ್ನು ಕಣ್ಣು ಓದುತ್ತದೆ. ದೊಡ್ಡದನ್ನು ಗುರುತು ಹಿಡಿದು ಮುಂದಕ್ಕೆ ಹೋಗಿಬಿಡುತ್ತದೆ.

ನಾನೇ ಫೋನ್ ಮಾಡಿ ಹೇಳಿದೆ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಮ್ಮಮ್ಮ ಹಾಗೇ ಅಂತಿದ್ದಳು ಮೇಡಂ, ನೆನೆಪು ಅಂತ. ಬಿಡಿ’ ಅಂದರು. ನಿಜವಾಗಿಯೂ ಹಾಗೆ ಅನ್ನುತ್ತಿದ್ದರೋ, ನನಗೋಸ್ಕರ ಆ ಕ್ಷಣದಲ್ಲಿ ಕಟ್ಟಿದ್ದೋ.

‘ಎರಡನೇ ಮುದ್ರಣದಲ್ಲಿ ಸರಿಮಾಡೋಣ’ ಅಂದೆ. ಕವನ ಸಂಕಲನಕ್ಕೆ ಎರಡನೇ ಮುದ್ರಣ! ಇಬ್ಬರೂ ಒಟ್ಟಿಗೇ ನಕ್ಕೆವು.