ಎರಡು ಡಿಸ್ಕ್, 5 ಮಿಲಿಮೀಟರ್

ಪೆನಿಸಿಲಿನ್, ಸೆಫಲೋಸ್ಪೊರಿನ್ ಎಂಬ ಆ್ಯಂಟಿಬಯಾಟಿಕ್‌ಗಳ ಜೀವ ಇರುವುದು ನಾಲ್ಕು ಮೂಲೆಯ ಪುಟ್ಟ ಉಂಗುರದಲ್ಲಿ. ಬ್ಯಾಕ್ಟೀರಿಯಾದ ಬೀಟಾ-ಲ್ಯಾಕ್ಟಮೇಸ್ ಕಿಣ್ವ ಅದನ್ನು ಸೀಳಿದರೆ ಔಷಧಿ ಸತ್ತಂತೆ. ಸೆಫ್ಟ್ರಿಯಾಕ್ಸೋನ್‌ನಂಥ ಸೆಫಲೋಸ್ಪೊರಿನ್ ಅನ್ನೂ ಸೀಳುವ ಬಗೆಯೇ ಇಎಸ್‌ಬಿಎಲ್ (ವಿಸ್ತೃತ ವ್ಯಾಪ್ತಿಯ ಬೀಟಾ-ಲ್ಯಾಕ್ಟಮೇಸ್). ಅದನ್ನು ಕ್ಲಾವುಲಾನಿಕ್ ಆಮ್ಲ ತಡೆಯುತ್ತದೆ, ಇಎಸ್‌ಬಿಎಲ್ ಪತ್ತೆಮಾಡುವ ಪರೀಕ್ಷೆ ನಿಂತಿರುವುದು ಇದರ ಮೇಲೆಯೇ.

ಪರೀಕ್ಷಿಸಬೇಕಾದ ಇ. ಕೋಲಿ ಬ್ಯಾಕ್ಟೀರಿಯಾವನ್ನು ಸಲೈನ್‌ನಲ್ಲಿ 0.5 ಮ್ಯಾಕ್‌ಫಾರ್ಲೆಂಡ್ (ದ್ರವದ ಮಬ್ಬಿನ ಅಳತೆ) ಮಬ್ಬಿಗೆ ಕದಡಿ, 15 ನಿಮಿಷದೊಳಗೆ 4 ಮಿ.ಮೀ. ದಪ್ಪದ ಮ್ಯೂಲರ್-ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಮೇಲೆ ಹಚ್ಚಬೇಕು. ಅದರ ಮೇಲೆ ಔಷಧಿ ಹೀರಿದ ಕಾಗದದ ಡಿಸ್ಕ್‌ಗಳನ್ನು ಇಡಬೇಕು. 30 ಮೈಕ್ರೋಗ್ರಾಂ ಸೆಫ್ಟಾಜಿಡಿಮ್ (ಒಂದು ಸೆಫಲೋಸ್ಪೊರಿನ್) ಡಿಸ್ಕ್ ಒಂದು. ಅದಕ್ಕೇ 10 ಮೈಕ್ರೋಗ್ರಾಂ ಕ್ಲಾವುಲಾನಿಕ್ ಆಮ್ಲ ಸೇರಿದ್ದು ಇನ್ನೊಂದು. ಇನ್ನೊಂದು ಸೆಫಲೋಸ್ಪೊರಿನ್ ಆದ ಸೆಫೋಟ್ಯಾಕ್ಸಿಮ್‌ನ ಇಂಥದ್ದೇ ಜೋಡಿಯನ್ನೂ ಬಿಡಬಾರದು. 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇಟ್ಟು ಅಳೆಯಿರಿ. ಯಾವುದೇ ಜೋಡಿಯಲ್ಲಿ ಆಮ್ಲವಿರುವ ಡಿಸ್ಕಿನ ಸುತ್ತಲ, ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತದ ವ್ಯಾಸ ಆಮ್ಲವಿಲ್ಲದ ಡಿಸ್ಕಿನದಕ್ಕಿಂತ 5 ಮಿ.ಮೀ. ಅಥವಾ ಹೆಚ್ಚು ದೊಡ್ಡದಿದ್ದರೆ ಇಎಸ್‌ಬಿಎಲ್ ಖಚಿತ.

ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ ಎಡವುವುದು ಡಿಸ್ಕಿನಲ್ಲೇ. ಫ್ರೀಜರಿನಿಂದ ತೆಗೆದ ಶೀಶೆಯನ್ನು ತಕ್ಷಣ ತೆರೆದರೆ ಒಳಗೆ ಹನಿ ಕೂಡುತ್ತದೆ. ಕ್ಲಾವುಲಾನಿಕ್ ಆಮ್ಲಕ್ಕೆ ತೇವವೂ ಬಿಸಿಯೂ ಆಗಿಬರುವುದಿಲ್ಲ. ಅದು ಹಾಳಾದರೆ ಎರಡೂ ವೃತ್ತ ಒಂದೇ ಅಳತೆ, ವರದಿ ತಪ್ಪು. ಶೀಶೆ ಕೋಣೆಯ ಬಿಸಿಗೆ ಬಂದಮೇಲೇ ಮುಚ್ಚಳ ತೆರೆಯಿರಿ. ಜೊತೆಗೆ ಇಎಸ್‌ಬಿಎಲ್ ಇದೆಯೆಂದು ಮೊದಲೇ ಗೊತ್ತಿರುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಎಟಿಸಿಸಿ 700603 ತಳಿಯನ್ನೂ ಇದೇ ರೀತಿ ಪರೀಕ್ಷಿಸಿ. ಅದರ ಸೆಫ್ಟಾಜಿಡಿಮ್ ಜೋಡಿಯಲ್ಲಿ 5 ಮಿ.ಮೀ. ವ್ಯತ್ಯಾಸ ಬರದಿದ್ದರೆ ಆ ದಿನದ ವರದಿ ಕೊಡಲೇಬೇಡಿ.

ಆಂಪ್‌ಸಿ ಎಂಬ ಇನ್ನೊಂದು ಬಗೆಯ ಬೀಟಾ-ಲ್ಯಾಕ್ಟಮೇಸ್ ಕಿಣ್ವವೂ ಜೊತೆಗಿದ್ದರೆ ವ್ಯತ್ಯಾಸ ಮುಚ್ಚಿಹೋಗಬಹುದು. ಎನ್‌ಡಿಎಂ ಎಂಬ ಮತ್ತೊಂದು ಬೀಟಾ-ಲ್ಯಾಕ್ಟಮೇಸ್ ಸತುವಿನ ಬಲದಿಂದ ದುಡಿಯುವ ಕಿಣ್ವ, ಕ್ಲಾವುಲಾನಿಕ್ ಆಮ್ಲಕ್ಕೆ ಬಗ್ಗದು. ಅದು ಮೆರೊಪೆನೆಮ್ ಎಂಬ ಆ್ಯಂಟಿಬಯಾಟಿಕ್ ಅನ್ನೂ ಸೀಳುತ್ತದೆ, ಹಾಗಾಗಿ ಮೆರೊಪೆನೆಮ್ ಡಿಸ್ಕನ್ನೂ ಇಟ್ಟೇ ನೋಡಬೇಕು.