ಕಸದ ಘಟಕದಲ್ಲಿ ಒಂದಿಷ್ಟು ಜಾಗ ಖಾಲಿ ಬಿಡಿ

ಬಳ್ಳಾರಿ ಕಡೆ ಒಂದು ಕಸ ಸಂಸ್ಕರಣಾ ಘಟಕದಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಮೊದಲು ಮೆಷಿನ್ ಬಗ್ಗೆ ಕೇಳುತ್ತಾರೆ. ಟ್ರಾಮೆಲ್ (ಕಸ ಜರಡಿ ಹಿಡಿಯೋ ತಿರುಗೋ ಡ್ರಮ್) ಎಷ್ಟು ದೊಡ್ಡದು, ಗಂಟೆಗೆ ಎಷ್ಟು ಟನ್ ಜರಡಿ ಹಿಡಿಯುತ್ತೆ ಅಂತ. ನಾನು ಮೊದಲು ನೋಡೋದು ಅಂಗಳದಲ್ಲಿ ಎಷ್ಟು ಜಾಗ ಖಾಲಿ ಇದೆ ಅಂತ. ಕರೆಂಟ್ ಹೋಗಲಿ, ಬೇರಿಂಗ್ ಕೆಡಲಿ, ಬೆಳಗಾದರೆ ಟಿಪ್ಪರ್‌ಗಳು ಗೇಟಿಗೆ ಬಂದೇ ಬರುತ್ತವೆ. ಊರಲ್ಲಿ ಕಸ ಹಾಕೋದು ಯಾರೂ ನಿಲ್ಲಿಸಲ್ಲ ಅಲ್ವಾ?

ನಮ್ಮೂರಲ್ಲಿ ಜೀನ್ಸ್ ಹೊಲಿಯೋ ಕೆಲಸ ಜಾಸ್ತಿ. ಕಟಿಂಗ್ ಚೂರು, ದಾರ, ಅಂಚುಪಟ್ಟಿ ಎಲ್ಲ ಕಸದ ಜೊತೆ ಬರುತ್ತೆ. ಮೆಷಿನ್ ಒಳಗೆ ತಿರುಗಿ ತಿರುಗಿ ಹಗ್ಗ ಹೊಸೆದ ಹಾಗೆ ಶಾಫ್ಟ್‌ಗೆ ಸುತ್ತಿಕೊಳ್ಳುತ್ತೆ. ಮೋಟರ್ ಬಿಸಿಯಾಗುತ್ತೆ. ಆಗ ಮೆಷಿನ್ ಆಫ್ ಮಾಡಿ, ಸ್ವಿಚ್‌ಬೋರ್ಡಿಗೆ ಬೀಗ ಹಾಕಿ, ಒಳಗೆ ಇಳಿಯೋ ಹುಡುಗನ ಜೇಬಿಗೇ ಬೀಗದ ಕೀ ಕೊಟ್ಟು, ಆಮೇಲೆ ಕೊಯ್ದು ತೆಗೆಸಬೇಕು. ಎಷ್ಟೋ ಸಲ ಅರ್ಧ ದಿನ ಹೋಗುತ್ತೆ. ಕಸ ಇಳಿಸೋಕೆ ಬೇರೆ ಜಾಗ ಇದ್ದರೆ ನಿಧಾನಕ್ಕೆ ಮಾಡಬಹುದು. ಇಲ್ಲದಿದ್ದರೆ ಹೊರಗೆ ಡ್ರೈವರ್‌ಗಳು ಹಾರ್ನ್ ಹೊಡೆಯುತ್ತಾರೆ, ಮೇಲಿನಿಂದ ಫೋನ್ ಬರುತ್ತೆ, 'ಬೀಗ ಎಲ್ಲ ಬೇಡ, ಐದು ನಿಮಿಷದ ಕೆಲಸ' ಅಂತ ಯಾರೋ ಅನ್ನುತ್ತಾರೆ. ಕೈ ಹೋಗೋದು ಅಂಥ ಹೊತ್ತಲ್ಲೇ.

ಬೆಂಕಿಗೂ ಇದೇ ಮಾತು. ಗೊಬ್ಬರದ ರಾಶಿ ಒಳಗೆ 55ರಿಂದ 65 ಡಿಗ್ರಿ ಇದ್ದರೆ ಒಳ್ಳೇದು, ಕಸ ಚೆನ್ನಾಗಿ ಕೊಳೆಯುತ್ತಿದೆ ಅಂತ ಅರ್ಥ. ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿದಾಗ 70 ದಾಟಿದರೆ ತಿರುವಿ ಹಾಕಬೇಕು. ತಿರುವೋಕೂ ಪಕ್ಕದಲ್ಲಿ ಜಾಗ ಬೇಕು. ಚಳಿಗಾಲದ ಬೆಳಿಗ್ಗೆ ರಾಶಿಯಿಂದ ಹಬೆ ಏಳುತ್ತೆ, ಅದಕ್ಕೆ ಗಾಬರಿ ಬೇಡ. ಹಬೆ ಮೇಲೆ ಹೋಗಿ ಕರಗುತ್ತೆ. ಹೊಗೆ ಹಾಗೇ ನಿಲ್ಲುತ್ತೆ, ಸುಟ್ಟ ವಾಸನೆ ಇರುತ್ತೆ.

ಒಣ ಕಸದ ಗುಡ್ಡೆ ಹಾಗಲ್ಲ, ಅದು ಬಿಸಿಯಾಗಲೇಬಾರದು. ಒಂದು ಬೇಸಿಗೆಯಲ್ಲಿ ಪ್ಲಾಸ್ಟಿಕ್ ಆರಿಸೋ ಅಕ್ಕ ಬಂದು 'ಸರ್, ಈ ಗುಡ್ಡೆ ಕಾಲಿಗೆ ಬಿಸಿ ಹತ್ತಾಕತ್ತೈತಿ ನೋಡ್ರಿ' ಅಂದರು. ಮೇಲೆ ಹೊಗೆಯ ಸುಳಿವೇ ಇರಲಿಲ್ಲ. ಅಂಥ ಗುಡ್ಡೆಯನ್ನ ಸುಮ್ನೆ ಬಗೆದರೆ ಒಳಗೆ ಗಾಳಿ ಸಿಕ್ಕಿ ಭಗ್ ಅಂತ ಹತ್ತಿಕೊಳ್ಳುತ್ತೆ. ಮೊದಲು ನೀರಿನ ಟ್ಯಾಂಕರ್ ಪಕ್ಕಕ್ಕೆ ತರಿಸಿದೆವು, ಆಮೇಲೆ ಜೆಸಿಬಿ ಒಂದೊಂದೇ ಬಕೆಟ್ ತೆಗೆದು ಖಾಲಿ ಜಾಗದಲ್ಲಿ ತೆಳ್ಳಗೆ ಹರಡಿತು, ನಾವು ನೀರು ಹೊಡೆದು ಮಣ್ಣು ಮುಚ್ಚಿದೆವು. ಒಳಗೆ ಪ್ಲಾಸ್ಟಿಕ್ ಕರಗಿ ಕಪ್ಪು ಗಟ್ಟಿಯಾಗಿ ಕೂತಿತ್ತು, ಮುರಿದರೆ ಕೆಂಡ. ಮೇಲಿಂದ ಎಷ್ಟು ನೀರು ಸುರಿದರೂ ಅದಕ್ಕೆ ತಲುಪುತ್ತಿರಲಿಲ್ಲ. ಹರಡೋಕೆ ಜಾಗ ಇತ್ತು, ಅದಕ್ಕೇ ಉಳಿದೆವು. ಆ ಅಕ್ಕನ ಮಾತಿಗೆ ನಮ್ಮ ಯಾವ ಸೆನ್ಸರ್‌ಗಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಈಗ ಹೊಗೆ ಕಂಡರೆ, ಬಿಸಿ ತಾಗಿದರೆ ಯಾರು ಬೇಕಾದರೂ ಕಸ ಸಾಗಿಸೋ ಬೆಲ್ಟ್ ನಿಲ್ಲಿಸಬಹುದು, ನನ್ನನ್ನ ಕೇಳಬೇಕಿಲ್ಲ.

ಕೊಚ್ಚಿಯ ಬ್ರಹ್ಮಪುರಂ ಕಸದ ಘಟಕದಲ್ಲಿ 2023ರ ಮಾರ್ಚ್ 2ಕ್ಕೆ ಹತ್ತಿದ ಬೆಂಕಿ ಆರಿಸೋಕೆ 10 ದಿನಕ್ಕೂ ಜಾಸ್ತಿ ಬೇಕಾಯಿತು. ಅಲ್ಲೂ ಕಸವನ್ನ ಯಂತ್ರದಿಂದ ಬಗೆದು ಬಗೆದು ಒಳಗೆ ನೀರು ಬಿಡಬೇಕಾಯಿತು. ಊರಿಡೀ ಹೊಗೆ ಕುಡಿಯಿತು.

ಪವರ್ ಬ್ಯಾಂಕ್, ಹಳೇ ಮೊಬೈಲ್ ಬ್ಯಾಟರಿ ಸಿಕ್ಕರೆ ಒಣ ಕಸವನ್ನ ಒತ್ತಿ ಬೇಲ್ (ಕಟ್ಟು) ಮಾಡೋ ಬೇಲಿಂಗ್ ಪ್ರೆಸ್‌ಗೆ ಹೋಗೋ ಮುಂಚೆ ತೆಗೆದು ಮರಳಿನ ಡ್ರಮ್‌ಗೆ ಹಾಕುತ್ತೇವೆ. ಜಜ್ಜಿದ ಬ್ಯಾಟರಿ ಆರಿದ ಹಾಗೆ ಕಂಡರೂ ಎಷ್ಟೋ ಹೊತ್ತಾದ ಮೇಲೆ ಮತ್ತೆ ಹತ್ತಿಕೊಳ್ಳುತ್ತೆ. ಆ ಡ್ರಮ್ ಶೆಡ್ಡಿನಿಂದ ದೂರ ಇರಬೇಕು.

ಎರಡು ದಿನದ ಕಸ ಹಿಡಿಯೋವಷ್ಟು ಜಾಗಕ್ಕೆ ಸುಣ್ಣದ ಗೆರೆ ಹಾಕಿಸಿದ್ದೇನೆ. ಅದನ್ನ ಉಳಿಸಿಕೊಳ್ಳೋದೇ ದೊಡ್ಡ ಕೆಲಸ. ಇವತ್ತು ನಾಲ್ಕು ಬೇಲ್, ನಾಳೆ ಕೆಟ್ಟ ಆಟೊ, ಆಮೇಲೆ ಹಳೇ ಟೈರ್. ಜಾಗ ಸುಮ್ನೆ ಬಿದ್ದಿದೆ ಅಂತ ಎಲ್ಲರಿಗೂ ಅನಿಸುತ್ತೆ. ಸಂಜೆ ಗೇಟ್ ಮುಚ್ಚೋ ಮುಂಚೆ ಗೆರೆ ಒಳಗೆ ಏನಿದ್ದರೂ ಎತ್ತಿಸುತ್ತೇನೆ, ಅದಕ್ಕೆ ಡೀಸೆಲ್ ಖರ್ಚಾದರೂ ಸರಿ. ಬೇಲ್ ಇಡೋಕೆ ಜಾಗ ಸಾಲದಿದ್ದರೆ ಬೇಲ್ ಬೇಗ ಮಾರಿ ಅಂತ ಆಫೀಸಿಗೆ ಬರೆದು ಕೊಟ್ಟಿದ್ದೇನೆ.